ಅಮ್ಮನಿಗೆ 15 ಸಲ ಕರೆಂಟ್ ಸಾಕಾ?

ಅಮ್ಮನಿಗೆ 58 ವರ್ಷ. ಎಡ ಸ್ತನದ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದಿದ್ದಾರೆ. ಮುಂದಿನ ವಾರ ಪ್ಲಾನಿಂಗ್ ಸ್ಕ್ಯಾನ್, ಆಮೇಲೆ ರೇಡಿಯೇಷನ್ (ಕರೆಂಟ್ ಕೊಡುವುದು ಅಂತಾರಲ್ಲ, ಅದೇ). 15 ಸಲ, ಒಟ್ಟು 40 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ) ಅಂದಿದ್ದಾರೆ. ಚಿಕ್ಕಮ್ಮನಿಗೆ ಹಿಂದೆ 25 ಸಲ, 50 ಗ್ರೇ ಕೊಟ್ಟಿದ್ದರು. ಅಮ್ಮನಿಗೆ ಯಾಕೆ ಕಡಿಮೆ? ಎಡಗಡೆ ಅಂದರೆ ಹೃದಯಕ್ಕೆ ತೊಂದರೆಯಾಗುತ್ತಾ? ಮೈ ಸುಡುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ನನ್ನದೂ ಎಡಗಡೆಯೇ. ಮುಗಿದು ಎರಡು ವರ್ಷವಾಯಿತು. ಇದೇ 40 ಗ್ರೇ, ಮೇಲೆ ಗಡ್ಡೆ ಇದ್ದ ಜಾಗಕ್ಕೆ ಮಾತ್ರ ‘ಬೂಸ್ಟ್’ ಅಂತ ಇನ್ನೂ 5 ಸಲ.

ಮೆಷಿನ್ ಕೆಳಗೆ ಮಲಗಿದಾಗ ಏನೂ ಗೊತ್ತಾಗುವುದಿಲ್ಲ, ಎಕ್ಸ್‌ರೇ ತೆಗೆದ ಹಾಗೆ. ಮೊದಲ ವಾರ ಚರ್ಮವೂ ಚೆನ್ನಾಗಿತ್ತು. ಮೂರನೇ ವಾರ ಸ್ತನದ ಕೆಳಗಿನ ಮಡಿಕೆ, ಕಂಕುಳು ಕಪ್ಪಾಗಿ ಉರಿ ಶುರುವಾಯಿತು. ಎಲ್ಲ ಮುಗಿದ ಮೇಲಿನ ವಾರವೇ ಜಾಸ್ತಿ ಕಷ್ಟ. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕರೆಂಟ್ ನಿಲ್ಲಿಸಿದರೂ ಉರಿ ಯಾಕೆ ಏರುತ್ತಿದೆ ಅಂತ ಹೆದರಿ ಅತ್ತುಬಿಟ್ಟಿದ್ದೆ. ಸಿಪ್ಪೆ ಎದ್ದು, ಒಂದು ತಿಂಗಳಲ್ಲಿ ವಾಸಿಯಾಯಿತು. ಸಡಿಲವಾದ ಕಾಟನ್ ರವಿಕೆ, ಉಗುರುಬೆಚ್ಚಗಿನ ನೀರು, ಡಾಕ್ಟರ್ ಬರೆದ ಕ್ರೀಮ್, ಅಷ್ಟೇ. ಅವರನ್ನು ಕೇಳದೆ ಅರಿಶಿನ, ಎಣ್ಣೆ ಅಂತ ಏನೂ ಹಚ್ಚಬೇಡಿ. ತಲೆಗೂದಲು ಇದರಿಂದ ಉದುರುವುದಿಲ್ಲ. ಸುಸ್ತು ಮಾತ್ರ ಇತ್ತು, ಊಟವಾದ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು.

ಹೃದಯದ ವಿಷಯ: ನನಗೆ ಉಸಿರು ಒಳಗೆಳೆದು ಹಿಡಿಯಲು ಹೇಳಿ, ಆಗ ರೇಡಿಯೇಷನ್ ಕೊಟ್ಟರು. ಎದೆ ಉಬ್ಬಿದಾಗ ಹೃದಯ ಸ್ವಲ್ಪ ದೂರ ಸರಿಯುತ್ತದೆ. 20 ಸೆಕೆಂಡ್ ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿದೆ. ನಿಮ್ಮ ಆಸ್ಪತ್ರೆಯಲ್ಲಿ ಇದಿದೆಯಾ ಅಂತ ಸ್ಕ್ಯಾನ್‌ಗಿಂತ ಮೊದಲೇ ಕೇಳಿ. ಆ ಸ್ಕ್ಯಾನನ್ನೂ ಉಸಿರು ಹಿಡಿಸಿಯೇ ಮಾಡುತ್ತಾರೆ.

*

ನಾನು ರೇಡಿಯೊಥೆರಪಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬರೀ ಒಟ್ಟು ಗ್ರೇ ನೋಡಿ ಗಾಬರಿಯಾಗಬೇಡಿ. ಚಿಕ್ಕಮ್ಮನಿಗೆ ಸಲಕ್ಕೆ 2 ಗ್ರೇ, ಅಮ್ಮನಿಗೆ ಸುಮಾರು 2.67. ಒಂದೊಂದು ಸಲವೂ ಜಾಸ್ತಿ ಕೊಡುವುದರಿಂದ ಒಟ್ಟು ಕಡಿಮೆ ಸಾಕಾಗುತ್ತದೆ. ಬ್ರಿಟನ್ನಿನ ಸ್ಟಾರ್ಟ್-ಬಿ ಅಧ್ಯಯನದಲ್ಲಿ ಇವೆರಡನ್ನೇ 2,200ಕ್ಕೂ ಹೆಚ್ಚು ಹೆಂಗಸರಲ್ಲಿ ಹೋಲಿಸಿದ್ದರು. ಹತ್ತು ವರ್ಷದ ಫಲಿತಾಂಶ 2013ರಲ್ಲಿ ಬಂತು. 40 ಗ್ರೇ ಪಡೆದವರಲ್ಲಿ ಕಾಯಿಲೆ ಮರಳುವುದು ಹೆಚ್ಚಾಗಲಿಲ್ಲ. ಸ್ತನ ಕುಗ್ಗುವುದು, ಊತ ಕಡಿಮೆಯೇ ಇತ್ತು. 2020ರಲ್ಲಿ ಬಂದ ಫಾಸ್ಟ್-ಫಾರ್ವರ್ಡ್ ಅನ್ನುವ ಇನ್ನೊಂದು ಅಧ್ಯಯನದ ಫಲಿತಾಂಶದ ನಂತರ ಕೆಲವರಿಗೆ 5 ಸಲದಲ್ಲಿ 26 ಗ್ರೇ ಕೊಟ್ಟು ಮುಗಿಸುವುದೂ ಇದೆ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು.

*

ಒಂದು ಮಾತು ಸೇರಿಸುತ್ತೇನೆ. ನಮ್ಮ ಅತ್ತೆಗೆ ಮುಗಿದ ಎರಡು ತಿಂಗಳಿಗೆ ಒಣಕೆಮ್ಮು ಬಂತು. ಒಕ್ಕಣೆಯ ಧೂಳು ಅಂತ ಮೂರು ವಾರ ಸುಮ್ಮನಿದ್ದೆವು. ಮೆಟ್ಟಿಲು ಹತ್ತಿದರೆ ಏದುಸಿರು. ತೋರಿಸಿದಾಗ, ರೇಡಿಯೇಷನ್ ತಾಗಿದ ಕಡೆ ಶ್ವಾಸಕೋಶ ಉರಿಯೂತವಾಗಿದೆ ಅಂದರು. ಮಾತ್ರೆಯಿಂದ ಗುಣವಾಯಿತು. ಇದು ಅಪರೂಪ, ಆದರೂ ಅಮ್ಮನಿಗೆ ಕೆಮ್ಮು ಬಂದರೆ ಕಾಯಬೇಡಿ. ಇನ್ನೊಂದು, ಅತ್ತೆ ಅಷ್ಟು ದಿನ ಮೊಮ್ಮಗುವನ್ನು ಎತ್ತಿಕೊಂಡಿರಲೇ ಇಲ್ಲ, ಮಗುವಿಗೆ ಕಿರಣ ತಾಗುತ್ತದೆ ಅಂತ. ಹೊರಗಿನ ಮೆಷಿನ್ನಿಂದ ಕೊಟ್ಟಿದ್ದು ಮೈಯಲ್ಲಿ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅಮ್ಮನಿಗೆ ಇವತ್ತೇ ಹೇಳಿ.