ಪದಚರ್ಚೆ: 'ಪಾಸ್ಡ್ ಪಾನ್'ಗೆ ಕನ್ನಡದಲ್ಲಿ ಏನೆನ್ನಬೇಕು?

ಕಲಬುರಗಿಯ ಶಾಲೆಯೊಂದರ ಗೋಡೆಗೆ ಚದುರಂಗದ ಪದಪಟ್ಟಿ ಬರೆಸುತ್ತಿರುವ ಗೆಳೆಯರು 'ಪಾಸ್ಡ್ ಪಾನ್' ಎಂಬುದಕ್ಕೆ ನಾಳೆಯೊಳಗೆ ಪದ ಬೇಕೆಂದು ಕೇಳಿದ್ದಾರೆ. ಇದುವರೆಗೆ ಬಂದಿರುವ 'ಮುಕ್ತ ಪದಾತಿ', 'ತಡೆಯಿಲ್ಲದ ಕಾಲಾಳು' ಎರಡನ್ನೂ ನಾನು ಒಪ್ಪುವುದಿಲ್ಲ. ಎರಡೂ ಮಣೆಯನ್ನು ನೋಡದೆ ನಿಘಂಟನ್ನಷ್ಟೇ ನೋಡಿ ಕಟ್ಟಿದ ಪದಗಳು.

ತನ್ನ ಸಾಲಿನಲ್ಲಾಗಲಿ ಅಕ್ಕಪಕ್ಕದ ಸಾಲುಗಳಲ್ಲಾಗಲಿ ಮುಂದೆ ಎದುರಾಳಿಯ ಪ್ಯಾದೆ (ಪಾನ್) ಉಳಿದಿಲ್ಲದ ಪ್ಯಾದೆಗೆ 'ಪಾಸ್ಡ್ ಪಾನ್' ಎಂಬ ಹೆಸರು ಸಲ್ಲುತ್ತದೆ. ಅದರ ಮುಂದಿನ ಮನೆಗೆ ಎದುರಾಳಿಯ ಕುದುರೆ ಬಂದು ನಿಂತರೆ ಅದರ ನಡೆ ನಿಲ್ಲುತ್ತದೆ, ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಹೀಗಿರುವಾಗ ಅದು ತಡೆಯಿಲ್ಲದ್ದು ಹೇಗಾದೀತು? 'ಮುಕ್ತ' ಎಂಬ ಮಾತನ್ನಂತೂ ಪ್ಯಾದೆಗಳೇ ಇಲ್ಲದ ಸಾಲಿಗೆ ಕಾದಿರಿಸಬೇಕು.

ಪ್ಯಾದೆಯ ಅಡಗಿದ ಬಲ ಹೊರಬರುವ ಬಗೆಯನ್ನು ನೋಡಿದರೆ ಪದ ತಾನಾಗಿ ಸಿಗುತ್ತದೆ. ಎ, ಬಿ, ಸಿ ಸಾಲುಗಳಲ್ಲಿ ಬಿಳಿಯ ಮೂರು ಪ್ಯಾದೆಗಳು ಐದನೆಯ ಮನೆಯಲ್ಲಿ, ಕಪ್ಪಿನ ಮೂರು ಏಳನೆಯ ಮನೆಯಲ್ಲಿ ಎದುರುಬದುರು ಇವೆ, ರಾಜರಿಬ್ಬರೂ ದೂರದಲ್ಲಿದ್ದಾರೆ, ನಡೆ ಬಿಳಿಯದು ಎಂದುಕೊಳ್ಳಿ. ಬಿಳಿ ನಡುವಿನ ಪ್ಯಾದೆಯನ್ನು ಆರನೆಯ ಮನೆಗೆ ನೂಕುತ್ತದೆ. ಕಪ್ಪು ಅದನ್ನು ಎ ಸಾಲಿನಿಂದ ಓರೆಯಾಗಿ ಹೊಡೆದರೆ ಬಿಳಿ ಸಿ ಸಾಲಿನದನ್ನು ಮುಂದೆ ಕೊಡುತ್ತದೆ. ಬಿ ಸಾಲಿನ ಕಾವಲುಗಾರ ಅದನ್ನು ಹೊಡೆದು ಪಕ್ಕಕ್ಕೆ ಸರಿದೊಡನೆ ಎ ಸಾಲಿನ ಬಿಳಿಯ ಪ್ಯಾದೆಗೆ ಎಂಟನೆಯ ಮನೆಯವರೆಗೆ ದಾರಿ ಸಿಗುತ್ತದೆ, ಅಲ್ಲಿ ಅದು ವಜೀರನಾಗುತ್ತದೆ. ಕಪ್ಪು ಮೊದಲಿಗೆ ಸಿ ಸಾಲಿನಿಂದ ಹೊಡೆದರೂ ಇದೇ ಆಟ ಆಚೆ ಬದಿಯಲ್ಲಿ ನಡೆಯುತ್ತದೆ. ಎರಡು ಪ್ಯಾದೆಗಳು ಬಿದ್ದದ್ದರಿಂದಲೇ ಮೂರನೆಯದು ಎದುರು ಪ್ಯಾದೆಗಳ ಕಾವಲನ್ನು ದಾಟಿತು. ಪ್ಯಾದೆಗಳೇ ಆಟದ ಪ್ರಾಣವೆಂದು ಫ್ರಾನ್ಸಿನ ಚದುರಂಗ ಆಟಗಾರ ಫಿಲಿಡೋರ್ 1749ರಲ್ಲಿಯೇ ಬರೆದದ್ದು ಇಂಥ ಬಲವನ್ನು ಕಂಡೇ ಇರಬೇಕು. ಆದ್ದರಿಂದ ನನ್ನ ಸಲಹೆ 'ಕಾವಲು ದಾಟಿದ ಪ್ಯಾದೆ' ಎಂಬುದು.

ಪ್ಯಾದೆ ಪಾರಸಿಯದು, ತೆಗೆದುಹಾಕಿ ಎಂದವರಿಗೆ ಒಂದು ಮಾತು. ಅವರು ಅದರ ಜಾಗದಲ್ಲಿ ಕೂರಿಸಿದ ಪದಾತಿ ಸಂಸ್ಕೃತದ್ದು, ಅದೂ ಎರವಲೇ. ಎರಡೂ ಪದಗಳು ಪಾದವನ್ನು ಹೇಳುವ ಒಂದೇ ಬೇರಿನಿಂದ ಬಂದಿರುವಾಗ ಒಂದನ್ನು ಮಡಿಯಲ್ಲಿಟ್ಟು ಇನ್ನೊಂದನ್ನು ಹೊರಗೆ ನಿಲ್ಲಿಸುವುದು ಭಾಷಾಭಿಮಾನವಲ್ಲ. ಪ್ಯಾದೆಯದೇ ಇನ್ನೊಂದು ರೂಪವನ್ನು 'ಪೊಲೀಸ್ ಪೇದೆ' ಎಂದು ನಾಡೆಲ್ಲ ಬರೆಯುವಾಗ ಯಾರೂ ತಕರಾರು ತೆಗೆಯುವುದಿಲ್ಲ. 1347ರಲ್ಲಿ ಬಹಮನಿ ಅರಸರು ಗದ್ದುಗೆ ಹೂಡಿದ, ಮುಂದೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಊರಿನಲ್ಲಿ ಮಾತ್ರ ಆ ಪದವನ್ನು ಹೊರಗಿನದೆನ್ನುವುದು ಸರಿಯಲ್ಲ. ಅಚ್ಚಗನ್ನಡವೇ ಬೇಕೆನ್ನುವವರು 'ಕಾವಲು ದಾಟಿದ ಕಾಲಾಳು' ಎನ್ನಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ, ಪದಾತಿ ಮಾತ್ರ ಬೇಡ. ಗೋಡೆಯಲ್ಲಿ ಜಾಗವಿದ್ದರೆ ಪದದ ಕೆಳಗೆ ಆ ಮೂರು-ಮೂರು ಪ್ಯಾದೆಗಳ ಚಿತ್ರವನ್ನೂ ಬರೆಸಿ.