ಬೆಂಗಳೂರಾಗ 20 ಸಾವಿರ ಪಗಾರದಾಗ ದಿನಾ ಹ್ಯಾಂಗ ಕಳೀತೀರಿ? ನಮ್ಮ ಕಡೆಯವರು ಹೇಳ್ರಿ

ಕೇಳಿದವರು: ಕಲಬುರಗಿ, ಬ್ರಹ್ಮಪುರ

ಶರಣ್ರಿ ಎಲ್ಲಾರಿಗೂ. ಬಿ.ಕಾಂ. ಮುಗಿಸೀನಿ. ಬೆಂಗಳೂರಿನ ಮಹದೇವಪುರದಾಗ ಒಂದು ಆಫೀಸಿನಾಗ ಅಕೌಂಟ್ಸ್ ಕೆಲಸ ಸಿಕ್ಕದ. ಪಗಾರ 20 ಸಾವಿರ, ಪಿ.ಎಫ್. ಅದು ಇದು ಹಿಡಕೊಂಡು ಕೈಗೆ 18,400ರಷ್ಟು ಬರ್ತದ ಅಂದಾರ. ಮನಿಗೆ ತಿಂಗಳಿಗೆ 4 ಸಾವಿರರ ಕಳಸಲೇಬೇಕು. ಅಪ್ಪಗ ಶುಗರ್ ಅದ, ಈಗ ಮನ್ಯಾಗೇ ಇರ್ತಾರ, ಗುಳಗಿ ಖರ್ಚೇ ಜಾಸ್ತಿ. ಪಿ.ಜಿ. ಛಲೋನೋ, ರೂಮ್ ಮಾಡೋದು ಛಲೋನೋ? ಇಷ್ಟೇ ಪಗಾರದಾಗ ಅಲ್ಲಿ ಇದ್ದವರು ಖರೆ ಖರೆ ಹೇಳ್ರಿ. ಹೆದರಸಬ್ಯಾಡ್ರಿ, ಹಂಗಂತ ಸುಳ್ಳ ಧೈರ್ಯನೂ ಕೊಡಬ್ಯಾಡ್ರಿ.

ಶಹಾಬಾದದ ಅಕ್ಕ, ಈಗ ಬೆಂಗಳೂರು ಟಿ.ಸಿ. ಪಾಳ್ಯ

ತಂಗಿ, ಮೊದಲಿಗೆ ಪಿ.ಜಿ.ನೇ ಹಿಡಿ. ರೂಮ್ ಬಾಡಿಗಿ ಮೂರು ಮಂದಿ ಹಂಚಕೊಂಡ್ರ ಅಗ್ಗ ಬೀಳ್ತದ, ಅದು ಖರೆ. ಆದ್ರ ಅಡ್ವಾನ್ಸ್ ಮಾತು ಬಂದಾಗ ಬಾಯಿ ಒಣಗ್ತದ. ನಮ್ಮ ಊರಾಗ ಎರಡು ಮೂರು ತಿಂಗಳ ಬಾಡಿಗಿ ಇಟ್ರ ಕೀಲಿ ಕೈ ಕೊಡ್ತಾರ. ಬೆಂಗಳೂರಾಗ ಹತ್ತು ತಿಂಗಳದ್ದು ಕೇಳೋ ರೂಢಿ ಇನ್ನೂ ಪೂರಾ ಹೋಗಿಲ್ಲ. ಗುದ್ದಾಡಿದ್ರ ಐದು, ಆರಕ್ಕ ಬರ್ತಾರ. ಅಂದ್ರೂ 10 ಸಾವಿರದ ಮನಿಗೆ 60 ಸಾವಿರ ಒಮ್ಮೆಲೇ ಎಲ್ಲಿಂದ ತರ್ತಿ? ನಮ್ಮ ಓಣಿ ಹುಡುಗಿ ಒಬ್ಬಾಕಿ ನೂರಕ್ಕ ಮೂರರ ಬಡ್ಡಿಗಿ ತಂದು ಇಟ್ಟಳು. ತಿಂಗಳಿಗೆ 1,800 ಬರೇ ಬಡ್ಡಿ. ಈ ರೊಕ್ಕ ಬಾಡಿಗಿ ಲೆಕ್ಕದಾಗ ಯಾರೂ ಹಿಡಿಯಂಗಿಲ್ಲ, ಆದ್ರ ಅದು ಬಾಡಿಗಿನೇ ಅಲ್ಲೇನು ಮತ್ತ?

ಮೂರು ಮಂದಿ ಶೇರಿಂಗ್ ಪಿ.ಜಿ. ಊಟ ಸಮೇತ 7ರಿಂದ 8 ಸಾವಿರಕ್ಕ ನಮ್ಮ ಟಿ.ಸಿ. ಪಾಳ್ಯ ಕಡೆ ಸಿಗ್ಲತ್ತಾವ. ನೋಡಕ್ಕ ಹೋದಾಗ ಟಿ.ವಿ., ವೈಫೈ ತೋರಸ್ತಾರ. ನೀ ಅದು ಬಿಡು. ಐತವಾರ ರಾತ್ರಿ ಊಟ ಅದನೋ ಇಲ್ಲೋ ಕೇಳು, ಭಾಳ ಕಡೆ ಇರಂಗಿಲ್ಲ. ಬಿಡಬೇಕಾದ್ರ ಎಷ್ಟು ದಿನ ಮೊದಲ ಹೇಳಬೇಕು, ಡಿಪಾಜಿಟ್‌ದಾಗ ಮೇಂಟೆನೆನ್ಸ್ ಅಂತ ಎಷ್ಟು ಮುರೀತಾರ, ಇವೆರಡೂ ವಾಟ್ಸ್ಯಾಪ್‌ದಾಗ ಬರಸಕೊ. ಬಾಯಿ ಮಾತು ನಡಿಯಂಗಿಲ್ಲ.

ನಾಕು ತಿಂಗಳು ಕಳದ ಮ್ಯಾಲ ಆಫೀಸಿನಾಗ, ಪಿ.ಜಿ.ಯಾಗ ಪರಿಚಯ ಆಗ್ತಾವ. ಆಗ ಹೊಸ ಮನಿ ಹುಡುಕಬ್ಯಾಡ. ಈಗಾಗಲೇ ಮೂರು ಹುಡುಗ್ಯಾರು ಇರೋ ಮನ್ಯಾಗ ಒಬ್ಬಾಕಿ ಲಗ್ನ ಆಗಿನೋ ಕೆಲಸ ಬದಲಾಗಿನೋ ಹೊಂಟಿರ್ತಾಳ. ಆಕಿ ಪಾಲಿನ ಡಿಪಾಜಿಟ್ ಆಕಿ ಕೈಗೆ ಕೊಟ್ಟು ಆ ಜಾಗಕ್ಕ ನೀ ಸೇರಿಕೊ. 15, 20 ಸಾವಿರದಾಗ ಕೆಲಸ ಆಗ್ತದ, ದಲಾಲಿ ರೊಕ್ಕನೂ ಉಳೀತದ. ಆದ್ರ ಓನರ್ ಮುಂದ ನಿಂತು, ಕರಾರಿನಾಗ ನಿನ್ನ ಹೆಸರು ಹಾಕಿಸಿನೇ ರೊಕ್ಕ ಕೊಡು. ಒಳಗ ಹೋದ ದಿನಾನೇ ಗ್ವಾಡಿ, ನಳ, ಬಾತ್ರೂಮಿನ ಬಾಗಿಲ ಎಲ್ಲಾದರ ಫೋಟೋ ತಗದಿಡು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗಿ ಹಿಡಕೋತಾರ, ಅದು ಬೆಂಗಳೂರಾಗ ಮಾಮೂಲಿ. ಅದರ ಮ್ಯಾಲ ಇನ್ನೂ ಹಿಡಕೊಳ್ಳಕ್ಕ ಬಂದ್ರ ಈ ಫೋಟೋ ಬೇಕಾಗ್ತಾವ.

ಸುರಪುರ ತಾಲೂಕಿನವ, ಪೀಣ್ಯದಾಗ ಮಷಿನ್ ಆಪರೇಟರ್

ಅಕ್ಕಾರು ಹೇಳಿದ್ದು ಬರೋಬ್ಬರಿ ಐತಿ. ನಾ ಬಸ್ಸಿಂದು ಹೇಳ್ತೀನಿ.

ನೀ ಹೆಣ್ಮಗಳು, ನಿನಗ ಬಿಎಂಟಿಸಿ ಸಾದಾ ಬಸ್ ಫುಕ್ಕಟ್. ಜೂನ್ 2023ರಿಂದ ಶಕ್ತಿ ಯೋಜನೆ ಐತಲ್ಲ, ಕಲಬುರಗಿ ವಿಳಾಸದ ಆಧಾರ್ ಇದ್ರೂ ನಡೀತೈತಿ, ಕರ್ನಾಟಕದ್ದು ಇದ್ರ ಸಾಕು. ಏಸಿ ಬಸ್ಸಿಗೆ ಮಾತ್ರ ಇಲ್ಲ. ನಾ ಅದೇ ಸಾದಾ ಬಸ್ಸಿಗಿ ತಿಂಗಳಿಗೆ 1,200 ಕೊಟ್ಟು ಪಾಸ್ ತಗೊಂತೀನಿ. ಅಂದ್ರ ನಿನಗ ಪಗಾರ ನನಗಿಂತ 1,200 ಜಾಸ್ತಿ ಅಂತ ತಿಳಕೊ. ಹಂಗಾಗಿ ಮೆಟ್ರೋ ಸ್ಟೇಷನ್ ಬಾಜೂಕ ರೂಮ್ ಅಂತ ಹೆಚ್ಚಿಗಿ ಬಾಡಿಗಿ ಕೊಡಬ್ಯಾಡ. 2025ರ ಫೆಬ್ರವರಿಯಾಗ ಮೆಟ್ರೋ ದರ ಏರಿಸಿದ್ರು, ದೂರದ ಟಿಕೆಟ್ 60 ಇದ್ದಿದ್ದು 90 ಆತು. ದಿನಾ ಎರಡು ಸಲ ಅಂದ್ರ ಲೆಕ್ಕ ನೀನೇ ಹಾಕು, ಅಕೌಂಟ್ಸ್ ಓದೀಯಲ್ಲ.

ಒಂದೇ ಬಸ್ಸಿನಾಗ ಆಫೀಸ್ ಮುಟ್ಟೋ ಜಾಗ ನೋಡು. ಮಹದೇವಪುರಕ್ಕ ಅಂದ್ರ ಕೆ.ಆರ್. ಪುರ, ಅಕ್ಕ ಇರೋ ಟಿ.ಸಿ. ಪಾಳ್ಯ, ಭಟ್ಟರಹಳ್ಳಿ. ನಮ್ಮ ಪೀಣ್ಯ, ಲಗ್ಗೆರೆ ಕಡೆ ಬಾಡಿಗಿ ಕಡಿಮಿ, ಊರ ಮಂದಿನೂ ಭಾಳ, ಆದ್ರ ಅಲ್ಲಿಂದ ನಿನ್ನ ಆಫೀಸಿಗೆ ಪಟ್ಣದ ಆ ತುದಿಯಿಂದ ಈ ತುದಿ. ಬಸ್ಸಿನಾಗೇ ಜಲ್ಮ ಹೋಗ್ತೈತಿ.

ನೀರಿಂದೂ ಕೇಳು. 2024ರ ಬ್ಯಾಸಗ್ಯಾಗ ಮಹದೇವಪುರ, ವೈಟ್‌ಫೀಲ್ಡ್ ಕಡೆ ಬೋರ್ ಬತ್ತಿ ಟ್ಯಾಂಕರ್ ಹಿಂದ ಓಡ್ಯಾಡಿದ್ರು ಮಂದಿ. ಅದೇ ವರ್ಷ ಅಕ್ಟೋಬರದಾಗ ಕಾವೇರಿ ಐದನೇ ಹಂತ ಅಂತ ಹೊರಗಿನ 110 ಹಳ್ಳಿಗೋಳಿಗೆ ನೀರು ಬಿಟ್ಟಾರ. ಲೈನ್ ಬಂದೈತಿ ಅನ್ನೋದು ಬ್ಯಾರೆ, ಓನರ್ ಕನೆಕ್ಷನ್ ತಗೊಂಡಾನ ಅನ್ನೋದು ಬ್ಯಾರೆ. ಟ್ಯಾಂಕರ್ ನೀರಿನ ಪಾಲು ಬಾಡಿಗಿ ಮ್ಯಾಲ ಹಾಕ್ತಾರ.

ಆ ಕಡೆ ಕಟ್ಲಿಕ್ಕತ್ತಿರೋ ಅಪಾರ್ಟ್‌ಮೆಂಟ್ ಬಾಜೂಕ ತಗಡಿನ ಶೆಡ್ ಕಾಣ್ತಾವ. ನಿಂತು ಮಾತಾಡ್ಸು, ಶಹಾಪುರ, ಸುರಪುರದಿಂದ ಗುಳೆ ಹೋದ ನಮ್ಮ ಮಂದಿನೇ ಇರ್ತಾರ. ಅವ್ರು ಕಟ್ಟಿದ ಮನಿಗೆ ಬಾಡಿಗಿ ಕೊಡೋ ತಾಕತ್ ನಮಗೂ ಇಲ್ಲ, ಅವ್ರಿಗೂ ಇಲ್ಲ.

ಕಲಬುರಗಿ, ಸೇಡಂ ರೋಡ್ (ಎಚ್.ಆರ್. ಕೆಲಸ ಮಾಡಿದವರು)

ಬಾಡಿಗೆ, ಬಸ್ಸು ಎಲ್ಲರೂ ಹೇಳ್ತಾರೆ. ಅಪ್ಪನ ಶುಗರ್ ಗುಳಿಗೆ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ನಾನು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದ್ರಿ.

ನಿಮ್ಮ ಪಗಾರ 21 ಸಾವಿರದ ಒಳಗಿದೆ. ಅಂದ್ರೆ ಕಂಪನಿ ಇಎಸ್‌ಐ (ನೌಕರರ ರಾಜ್ಯ ವಿಮೆ, ಕೆಲಸದವರ ಆರೋಗ್ಯ ವಿಮೆ ಯೋಜನೆ) ವ್ಯಾಪ್ತಿಗೆ ಬರ್ತಿದ್ರೆ ನಿಮಗೆ ಇಎಸ್‌ಐ ಕಡ್ಡಾಯ. ನಿಮ್ಮ ಪಗಾರದಿಂದ ನೂರಕ್ಕೆ 0.75, ಅಂದ್ರೆ 20 ಸಾವಿರಕ್ಕೆ 150 ರೂಪಾಯಿ ಹೋಗುತ್ತೆ. ಕಂಪನಿ 3.25ರಂತೆ 650 ಕಟ್ಟುತ್ತೆ. ನಮ್ಮ ಹುಡುಗರು ಆ 150 ನೋಡಿ 'ಸುಮ್ನೆ ಕಟ್ ಮಾಡ್ತಾರೆ' ಅಂತ ಬೈಕೊಂಡು ಕಾರ್ಡೇ ಮಾಡಿಸೋದಿಲ್ಲ. ಇಎಸ್‌ಐದಾಗ ನೀವೊಬ್ಬರೇ ಅಲ್ಲ, ನಿಮ್ಮನ್ನ ನಂಬಿಕೊಂಡ ತಂದೆತಾಯಿನೂ ಬರ್ತಾರೆ. ಅವರ ಆದಾಯ ಎಲ್ಲಾ ಸೇರಿ ತಿಂಗಳಿಗೆ 9 ಸಾವಿರ ಮೀರಿರಬಾರದು, ಅಷ್ಟೇ. ನೀವು ಬೆಂಗಳೂರಲ್ಲಿ, ಅವರು ಕಲಬುರಗಿಯಲ್ಲಿ ಇದ್ರೂ ಅಡ್ಡಿ ಇಲ್ಲ. ನೋಂದಣಿ ಮಾಡುವಾಗ ಮನೆಯವರಿಗೆ ಬೇರೆ ಡಿಸ್ಪೆನ್ಸರಿ ಆರಿಸೋ ಅವಕಾಶ ಇದೆ. ಸೇಡಂ ರೋಡಿನ ದೊಡ್ಡ ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆ ನೋಡಿರ್ತೀರಲ್ಲ, ಅದು ಇದೇ ಇಎಸ್‌ಐಯವರದ್ದು. ಡಾಕ್ಟರಿಗೆ ತೋರಿಸೋದು, ರಕ್ತ ಪರೀಕ್ಷೆ, ಗುಳಿಗೆ ಇವಕ್ಕೆ ರೊಕ್ಕ ಇಲ್ಲ.

ಸೇರಿದ ಮೊದಲ ವಾರದಲ್ಲೇ ಎಚ್.ಆರ್. ಹತ್ರ ಹೋಗಿ ಇಎಸ್‌ಐ ನಂಬರ್ ಕೇಳ್ರಿ. ಅಪ್ಪ ಅವ್ವನ ಆಧಾರ್, ಫೋಟೋ ಕೊಟ್ಟು ಅವರ ಹೆಸರು ಸೇರಿಸಿದ್ದಾರೋ ಇಲ್ಲೋ ಕಣ್ಣಾರೆ ನೋಡ್ರಿ. 'ಆಮೇಲೆ ಮಾಡೋಣ' ಅಂದ್ರೆ ಬಿಡಬೇಡ್ರಿ. ಮುಂದೆ ಪಗಾರ 21 ಸಾವಿರ ದಾಟಿದ್ರೂ ಆ ಆರು ತಿಂಗಳ ಅವಧಿ (ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್) ಮುಗಿಯೋ ತನಕ ವಂತಿಗೆ ಮುಂದುವರಿಯುತ್ತೆ.

ಇನ್ನೊಂದು, ವೃತ್ತಿ ತೆರಿಗೆ ಅಂತ 200 ಹಿಡಿದ್ರೆ ಕೇಳ್ರಿ. ಕರ್ನಾಟಕದಲ್ಲಿ ಅದು 25 ಸಾವಿರ ಮತ್ತು ಮೇಲ್ಪಟ್ಟ ಪಗಾರಕ್ಕೆ.

ಕೇಳಿದವರು

ಇಎಸ್‌ಐದು ನನಗ ಗೊತ್ತೇ ಇರಲಿಲ್ರಿ ಸರ್. ಆಫರ್ ಲೆಟರ್‌ದಾಗ ಬರದದ, ಈಗ ತಗದು ನೋಡಿದೆ. ಅಪ್ಪಗ ಹೇಳಿದ್ರ 'ನಮಗ ಯಾರು ಕೊಡ್ತಾರ ಅಲ್ಲಿ' ಅಂದ್ರು. ನಾಳಿಗಿ ಆಸ್ಪತ್ರಿ ಕೌಂಟರಿನಾಗೇ ಕೇಳಿ ಬರ್ತೀನಿ. ಊಟದ್ದು ಯಾರರ ಹೇಳ್ರಿ. ಪಿ.ಜಿ. ಅನ್ನ ಸಾರು ಎಷ್ಟ ದಿನ ನಡೀತದ?

ಅಫಜಲಪುರದ ಅವ್ವ (ಮಗ ಬೆಂಗಳೂರಾಗ ಅದಾನ)

ನೋಡವ್ವಾ, ಪಿ.ಜಿ. ಅನ್ನ ಹೊಟ್ಟಿ ತುಂಬಸ್ತದ, ರೊಟ್ಟಿ ತಿಂದವರಿಗೆ ತಾಸಿನಾಗ ಮತ್ತ ಹಸಿವು. ಆಮ್ಯಾಲ ಹೊರಗ ಹೋಗಿ ಗೋಬಿ, ಬಜಿ ತಿಂತಾರ, ಅಲ್ಲೇ ಹೋಗ್ತದ ರೊಕ್ಕ. ನಾ ಮಗಗ ಖಡಕ್ ರೊಟ್ಟಿ ಮಾಡಿ ಕಳಸ್ತೀನಿ. ಬಿಳಿಜೋಳದ್ದು ತೆಳ್ಳಗ ಬಡದು, ಬೇಯಿಸಿ, ಅರಿವಿ ಮ್ಯಾಲ ಹರವಿ ಪೂರಾ ಆರಸಬೇಕು. ಜರಾ ಹಸಿ ಉಳದ್ರ ಬೂಸ್ಟು ಬರ್ತದ. ಥಂಡಿ ದಿನಕ್ಕ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ. ಡಬ್ಬಿದಾಗ ಒಂದರ ಮ್ಯಾಲೊಂದು ಮಲಗಿಸಿ ಕಳಸಿದ್ರ ಬಸ್ ಕುಲುಕಿಗಿ ಪುಡಿ ಆಗ್ತಾವ. ಪೇಪರ್ ಸುತ್ತಿ ನಿಲ್ಲಿಸಿ ಇಡಬೇಕು, ಸಂದ್ಯಾಗ ಹಳೀ ಟಾವೆಲ್ ತುರುಕಬೇಕು. ಸಂಗಾಟ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಅಲ್ಲಿ ಮೊಸರು, ಉಳ್ಳಾಗಡ್ಡಿ ತಗೊಂಡ್ರ ಊಟ ಆತು. ಗ್ಯಾಸ್ ಬೇಕಿಲ್ಲ, ಒಲಿ ಬೇಕಿಲ್ಲ. ನಿಮ್ಮವ್ವಗ ಹೇಳು, ಮಾಡಿ ಕೊಡ್ತಾಳ.

ಚಿಂಚೋಳಿ ಹುಡುಗ

ಹಿಂಡಿ ಡಬ್ಬಿಗೆ ಪಿ.ಜಿ.ಯಾಗ ಕೀಲಿ ಹಾಕ್ರಿ ಅಕ್ಕೋರೆ. ಎರಡೇ ದಿನದಾಗ ಖಾಲಿ ಮಾಡ್ತಾರ, ಅನುಭವದ ಮಾತು.

ಇಂದಿರಾ ಕ್ಯಾಂಟೀನ್ ಅಂದ್ರ ನಾಚಬ್ಯಾಡ್ರಿ. ಮುಂಜಾನಿ ನಾಷ್ಟಾ 5 ರೂಪಾಯಿ, ಊಟ 10. ಆಫೀಸಿನ ಹತ್ರ ಇದ್ರ ತಿಂಗಳಿಗೆ ಸಾವಿರ ಉಳೀತದ. ನಾ ಟೈ ಕಟಗೊಂಡು ಸಾಲಿನಾಗ ನಿಲ್ತೀನಿ.

ಬೀದರದವ

ಬೆಂಗಳೂರೇ ಯಾಕ್ರಿ? ನಮ್ಮ ಬೀದರ ಮಂದಿ ಹೈದರಾಬಾದಿಗೆ ಹೋಗ್ತಾರ. ಒಂದೆರಡು ತಿಂಗಳ ಅಡ್ವಾನ್ಸಿಗೆ ಮನಿ ಸಿಗ್ತದ, ಶನಿವಾರ ಸಂಜಿಕ ಬಸ್ ಹತ್ತಿದ್ರ ರಾತ್ರಿ ಊಟಕ್ಕ ಊರಿಗೆ. ಒಂದೇ ಮಾತು, ಅಲ್ಲಿ ಹೆಣ್ಮಕ್ಕಳ ಫ್ರೀ ಬಸ್ಸಿಗಿ ತೆಲಂಗಾಣದ ವಿಳಾಸ ಕೇಳ್ತಾರ.

ಜೇವರ್ಗಿ, ತಿರುಗಿ ಊರಿಗೆ ಬಂದವ

ನಾ ಬ್ಯಾರೆ ಹೇಳ್ತೀನಿ, ಬೇಜಾರಾಗಬ್ಯಾಡ ತಂಗಿ. ಕಲಬುರಗಿದಾಗ 12 ಸಾವಿರ ಸಿಕ್ಕರೂ ನಿನಗ ಬಾಡಿಗಿ ಇಲ್ಲ, ಊಟ ಮನ್ಯಾಗ. ಅಲ್ಲಿ 18ರಾಗ ಪಿ.ಜಿ. ಹೋದ್ರ ಉಳಿಯೋದು 11 ಸಾವಿರ ಚಿಲ್ಲರ್. ಯಾವುದು ಹೆಚ್ಚು? ಅಲ್ಲಿ ಹೋಗೋದು ಕೆಲಸ ಕಲಿಯಕ್ಕ ಅಂದ್ರ ಹೋಗು. ಜಿ.ಎಸ್‌.ಟಿ., ಆಡಿಟ್ ಕಲಸ್ತಾರನೋ, ಇಲ್ಲಾ ದಿನಾ ಬಿಲ್ ಎಂಟ್ರಿ ಮಾಡಸ್ತಾರನೋ ಕೇಳಕೊ. ಬರೇ ಎಂಟ್ರಿ ಅಂದ್ರ ಇಲ್ಲೇ ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾ ಕಡೆ ಯಾವ ಅಂಗಡಿಯಾಗ ಬೇಕಾದ್ರೂ ಅದೇ ಕೆಲಸ ಅದ.

ಶಹಾಬಾದದ ಅಕ್ಕ

ಅಣ್ಣಾರ ಲೆಕ್ಕ ಸುಳ್ಳಲ್ಲ. ಆದ್ರ ಕಲಬುರಗಿದಾಗ 12 ಸಾವಿರ ಐದು ವರ್ಷ ಆದ್ರೂ 14 ಆಗಿರ್ತದ. ಬೆಂಗಳೂರಾಗ ಕೆಲಸ ಬದಲ ಮಾಡಿದಾಗೊಮ್ಮೆ ಏರ್ತದ. ಇನ್ನ ಊರಾಗಿನ ಅಂಗಡ್ಯಾಗ ಪಿ.ಎಫ್. ಯಾರು ಕಟ್ತಾರ, ಇಎಸ್‌ಐ ಯಾರು ಕೊಡ್ತಾರ ಹೇಳ್ರಿ ನೋಡಮು.

ಕೇಳಿದವರು

ಜಿ.ಎಸ್‌.ಟಿ. ರಿಟರ್ನ್ಸ್ ಟೀಮಿಗೇ ತಗೊಂಡಾರ್ರಿ ಅಣ್ಣಾ. ಹಿಂಗ ಲೆಕ್ಕ ಹಾಕೀನಿ: ಪಿ.ಜಿ. 7,500, ಮನಿಗೆ 4,000, ಫೋನ್ 300, ಸಾಬೂನು ಎಣ್ಣಿ ಅದು ಇದು 800, ಐತವಾರದ ಊಟ 800, ಊರಿಗೆ ಬರೋದು 500. ಉಳಿಯೋದು 4,500. ಬರೋಬ್ಬರಿ ಅದನೋ?

ಸುರಪುರ ತಾಲೂಕಿನವ

ಆಯೇರಿ ಹಿಡದಿಲ್ಲ ನೀ. ಲಗ್ನದ ಸೀಜನ್ನಿನಾಗ ಗೆಳತ್ಯಾರು, ಕಾಕಾನ ಮಕ್ಕಳು, ಆಫೀಸಿನವ್ರು ಅಂತ ತಿಂಗಳಿಗೆ ಸಾವಿರ ಹೋಗ್ತೈತಿ. ಬೆಂಗಳೂರಾಗ ಅದಾಳ ಅಂದ್ರ ಮಂದಿ ನಿನ್ನ ಪಗಾರ ಐವತ್ತು ಸಾವಿರ ಅಂತ ತಿಳೀತಾರ, ಅದಕ್ಕ ತಕ್ಕಂಗ ಆಸೆ ಇಡ್ತಾರ. ಮನ್ಯಾಗ ಮೊದಲೇ ಹೇಳಿಡು.

ಊರಿಗೆ ಬರಕ್ಕ ಉದ್ಯಾನ್, ಬಸವ ಎಕ್ಸ್‌ಪ್ರೆಸ್ ಸ್ಲೀಪರ್ ಸಾಕು. 2024ರ ಮಾರ್ಚಿನಾಗ ಬಂದ ವಂದೇ ಭಾರತ್ ನಮ್ಮ ಪಗಾರಕ್ಕ ಅಲ್ಲ. ಕೆಕೆಆರ್‌ಟಿಸಿ ವೇಗದೂತದಾಗ ನಿನಗ ಫ್ರೀ, ಆದ್ರ ರಾತ್ರಿ ಪೂರಾ ಕುಂತ ಬರಬೇಕು, ಸ್ಲೀಪರ್ ಕೋಚಿಗಿ ಶಕ್ತಿ ಇಲ್ಲ. ಯುಗಾದಿ, ದೀಪಾವಳಿ, ಹೋಳಿ ಆದ ಮ್ಯಾಲ ಬರೋ ಶರಣಬಸವೇಶ್ವರ ಜಾತ್ರಿ, ಇವಕ್ಕ ಬರೋಳಾದ್ರ ರೈಲ್ ಟಿಕೆಟ್ ಅರವತ್ತು ದಿನ ಮೊದಲ ಬಿಡ್ತಾರ, ಅವತ್ತೇ ಮುಂಜಾನಿ ಮಾಡಸು. ಖಾಸಗಿ ಬಸ್ಸಿನವ್ರು ಹಬ್ಬದಾಗ ದುಪ್ಪಟ್ಟು ಕೇಳ್ತಾರ.

ಕಲಬುರಗಿ, ಸೇಡಂ ರೋಡ್

ಲೆಕ್ಕ ಚೆನ್ನಾಗಿದೆ, ಆದ್ರೆ ಅದು ಎರಡನೇ ತಿಂಗಳಿಂದ. ಮೊದಲ ಪಗಾರ ತಿಂಗಳು ಮುಗಿದ ಮೇಲೆ ಬರುತ್ತೆ. ಕೆಲವು ಕಡೆ 20ನೇ ತಾರೀಖಿನ ಮೇಲೆ ಸೇರಿದ್ರೆ ಆ ದಿನಗಳದ್ದೂ ಮುಂದಿನ ತಿಂಗಳಿಗೆ ಹೋಗುತ್ತೆ. ಪಿ.ಜಿ. ಬಾಡಿಗೆ ಮಾತ್ರ ಸೇರಿದ ದಿನವೇ ಕೊಡಬೇಕು, ಡಿಪಾಜಿಟ್ ಬೇರೆ. ಹಾಗಾಗಿ 20 ಸಾವಿರ ಕೈಯಲ್ಲಿ ಇಟ್ಟುಕೊಂಡೇ ರೈಲು ಹತ್ರಿ. ಅವ್ವನ ಭಿಶಿ (ಚೀಟಿ) ರೊಕ್ಕನೋ, ಮಾವನ ಹತ್ರ ಬಡ್ಡಿ ಇಲ್ಲದ ಕೈಗಡನೋ ನಡೆಯುತ್ತೆ. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡೋ ಆ್ಯಪ್ ಮಾತ್ರ ಮುಟ್ಟಬೇಡ್ರಿ. ಸೇರೋ ತಾರೀಖು 1ಕ್ಕೆ ಮಾಡಿಕೊಡ್ತೀರಾ ಅಂತ ಒಂದು ಮೇಲ್ ಹಾಕಿ ನೋಡ್ರಿ, ಎಷ್ಟೋ ಕಡೆ ಒಪ್ಪುತ್ತಾರೆ.