ಬೆಂಗಳೂರಿನಲ್ಲಿ ಕುದಿಯುವ ನೀರು 97 ಡಿಗ್ರಿ ತೋರಿಸುತ್ತಿದೆ, ಥರ್ಮಾಮೀಟರಿನ ದೋಷವೇ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಬಸವನಗುಡಿ):
ಎಲ್ಲರಿಗೂ ನಮಸ್ಕಾರ. ಎಂಟನೆಯ ತರಗತಿಯ ಮಕ್ಕಳ ಮುಂದೆ ಬೀಕರಿನಲ್ಲಿ ನೀರು ಕಾಯಿಸಿ ಪಾದರಸದ ಥರ್ಮಾಮೀಟರನ್ನು ಇಳಿಬಿಟ್ಟರೆ, ನೀರು ಕೊತಕೊತ ಕುದಿಯುತ್ತಿದ್ದರೂ ಪಾದರಸ 97ರ ಗೆರೆಯ ಬಳಿಯೇ ನಿಂತುಬಿಡುತ್ತದೆ. ಉರಿ ಹೆಚ್ಚಿಸಿದರೂ ಏರುವುದಿಲ್ಲ. ಪುಸ್ತಕದಲ್ಲಿರುವುದು 100. ಉಪಕರಣವನ್ನು ಬದಲಾಯಿಸಬೇಕೇ?

ಉತ್ತರ 1:
ಬದಲಾಯಿಸಬೇಡಿ, ಮೇಡಂ. ನೀರಿನ ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಇದೇ ಥರ್ಮಾಮೀಟರನ್ನು ಮಂಗಳೂರಿಗೆ ಒಯ್ದರೆ 100ರ ಹತ್ತಿರ ತೋರಿಸುತ್ತದೆ.

ಉತ್ತರ 2:
ಕಾರಣ ಸರಿಯಾಗಿದೆ, ಆದರೆ 97 ಬಂದ ಮಾತ್ರಕ್ಕೆ ಉಪಕರಣ ನಿಖರವಾಗಿದೆ ಎನ್ನಲಾಗದು. ಅದನ್ನು ಮಂಜುಗಡ್ಡೆಯಲ್ಲಿ ಪರೀಕ್ಷಿಸಿ: ಭಟ್ಟಿ ಇಳಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿಮಾಡಿ, ಅದೇ ನೀರನ್ನು ಸ್ವಲ್ಪ ಬೆರೆಸಿ, ಥರ್ಮಾಮೀಟರಿನ ಬುರುಡೆಯ (ಪಾದರಸ ತುಂಬಿರುವ ಕೆಳತುದಿಯ) ಸುತ್ತ ಒತ್ತಾಗಿ ತುಂಬಿ, ಪಾದರಸ ನಿಶ್ಚಲವಾಗುವವರೆಗೆ ಕಾಯಿರಿ. ಮಂಜುಗಡ್ಡೆ ಕರಗುವ ಬಿಂದು ಊರಿನ ಎತ್ತರಕ್ಕೆ ಗಮನಿಸುವಷ್ಟು ಬದಲಾಗದ ಕಾರಣ, ಇಲ್ಲಿ ಸೊನ್ನೆ ಬರಲೇಬೇಕು. ಉಪ್ಪಿನಂಶ ಸೇರಿದರೆ ಮಾತ್ರ ಇಳಿಯುತ್ತದೆ. ಕುದಿಬಿಂದುವನ್ನು ಅಳೆಯುವಾಗ ಬುರುಡೆಯನ್ನು ನೀರಿನೊಳಗೆ ಮುಳುಗಿಸದೆ ಅದರ ಮೇಲಿನ ಹಬೆಯಲ್ಲಿ ಹಿಡಿಯಿರಿ, ಏಕೆಂದರೆ ನೀರಿನಲ್ಲಿ ಕರಗಿದ ಲವಣಗಳು ಅದರ ತಾಪಮಾನವನ್ನು ತುಸು ಏರಿಸುತ್ತವೆ. ಥರ್ಮಾಮೀಟರ್ ತೋರಿಸುವುದು ತನ್ನ ಬುರುಡೆಯ ತಾಪಮಾನವನ್ನೇ ಎಂಬುದನ್ನು ಮಕ್ಕಳಿಗೆ ಮೊದಲು ಮನದಟ್ಟು ಮಾಡಿಸುವುದು ಅತ್ಯಗತ್ಯವೆಂದು ನನ್ನ ಭಾವನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕುದಿಬಿಂದು ಊರಿಂದೂರಿಗೆ ಬದಲಾಗುವುದಾದರೆ ಡಿಗ್ರಿಯನ್ನು ಯಾವ ಆಧಾರದ ಮೇಲೆ ನಿಲ್ಲಿಸಿದ್ದಾರೆ ಎಂದು ಒಬ್ಬ ಹುಡುಗಿ ಕೇಳಿದ್ದಾಳೆ.

ಉತ್ತರ 3:
ಹುಡುಗಿಯ ಪ್ರಶ್ನೆ ಬಹಳ ಚೆನ್ನಾಗಿದೆ. 1742ರಲ್ಲಿ ತಮ್ಮ ಮಾಪಕವನ್ನು ಮಂಡಿಸಿದ ಆಂಡರ್ಸ್ ಸೆಲ್ಸಿಯಸ್ ಅವರೇ ಕುದಿಬಿಂದು ಗಾಳಿಯ ಒತ್ತಡವನ್ನು ಅವಲಂಬಿಸಿರುವುದನ್ನು ಗುರುತಿಸಿದ್ದರು. ಅವರ ಮೂಲ ಮಾಪಕದಲ್ಲಿ ಕುದಿಬಿಂದು ಸೊನ್ನೆಯಾಗಿ, ಮಂಜುಗಡ್ಡೆಯ ಬಿಂದು 100 ಆಗಿತ್ತು. ಅದು ತಲೆಕೆಳಗಾದದ್ದು ಆಮೇಲೆ. ಮುಂದೆ ನೀರು, ಮಂಜುಗಡ್ಡೆ, ಆವಿ ಮೂರೂ ಸಮತೋಲದಲ್ಲಿ ಜೊತೆಗಿರುವ ತ್ರಿಬಿಂದುವನ್ನು 273.16 ಕೆಲ್ವಿನ್ ಎಂದು ಗೊತ್ತುಪಡಿಸಿ, ವಿಜ್ಞಾನದಲ್ಲಿ ತಾಪಮಾನದ ಮೂಲಮಾನವಾದ ಕೆಲ್ವಿನ್ನನ್ನು ವ್ಯಾಖ್ಯಾನಿಸಲಾಯಿತು. 2019ರ ಮೇ 20ರಿಂದ ಆ ವ್ಯಾಖ್ಯಾನಕ್ಕೆ ನೀರೂ ಬೇಕಿಲ್ಲ: ತಾಪಮಾನವನ್ನು ಕಣಗಳ ಚಲನೆಯ ಶಕ್ತಿಯೊಂದಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆಯನ್ನೇ ನಿಗದಿಪಡಿಸಿ, ಅದರಿಂದ ಕೆಲ್ವಿನ್ನನ್ನು ಪಡೆಯುತ್ತಾರೆ. ಸೆಲ್ಸಿಯಸ್ ಬೇಕೆಂದರೆ ಕೆಲ್ವಿನ್‌ನಿಂದ 273.15 ಕಳೆದರಾಯಿತು.